ಪ್ಲೂಟೊ ಹೋಯ್ತು, ಹಿಂದಿನ ಗೇಟಿಗೆ ಬೀಗ ಯಾಕೆ?

ಉದ್ಯಾನಗಳ ಜೊತೆಗೆ ಈಗ ಆಕಾಶದ ಉಸ್ತುವಾರಿಯನ್ನೂ ವಹಿಸಿಕೊಂಡಿರುವ ಮಾನ್ಯ ಅಧಿಕಾರಿಗಳೇ,

ಮೊದಲು ಖರ್ಚು ಹೇಳಿಬಿಡುತ್ತೇನೆ. ಪ್ಲೂಟೊ ಗ್ರಹವಲ್ಲವೆಂದು ತಾವು ಕಂಡುಕೊಂಡದ್ದಕ್ಕೆ ಗಿರಿನಗರದ ನಮ್ಮ ಪಾರ್ಕಿನಲ್ಲಿ ಆದದ್ದು: ಪ್ಲೂಟೊ ನಿಂತಿದ್ದ ಕಂಬ ಕೀಳಲು ಇಬ್ಬರ ಕೂಲಿ, ಗುಂಡಿ ಮುಚ್ಚಲು ಸಿಮೆಂಟು, ಹೊಸ ಸರಪಳಿ, ಹೊಸ ಬೀಗ. ಇಷ್ಟು ಇಲಾಖೆಯ ಬಿಲ್ಲಿನಲ್ಲಿದೆ. ಹಿಂದಿನ ಗಲ್ಲಿಯ ನಾಗಲಕ್ಷ್ಮಮ್ಮನವರ ಬೆಳಗಿನ ನಡಿಗೆ ಯಾವ ಬಿಲ್ಲಿನಲ್ಲೂ ಇಲ್ಲ. ಅದಕ್ಕೇ ಈ ಪತ್ರ.

ನಾನು ಗ್ರಾನೈಟ್ ವ್ಯಾಪಾರಿ. ಅಡುಗೆಮನೆ ಕಟ್ಟೆಗಳನ್ನು ಕೊಯ್ದು ಕೊಯ್ದೇ ಸ್ವಂತ ಅಂಗಡಿ ಕಂಡವನು. ವಾಕಿಂಗ್ ದಾರಿಯುದ್ದಕ್ಕೂ ಸೌರವ್ಯೂಹ ನಿಲ್ಲಿಸೋಣವೆಂದು ಬಡಾವಣೆಯ ಸಂಘ ಹೊರಟಾಗ ಕಂಬಕ್ಕೊಂದು ಗ್ರಹದಂತೆ ಒಂಬತ್ತು ಕಲ್ಲುಗುಂಡುಗಳನ್ನು ಕೊಟ್ಟವನು ನಾನೇ. ಮುಂಗೇಟಿನ ಕಾರಂಜಿ ಸೂರ್ಯನಾಯಿತು. ನೆಪ್ಚೂನ್ ಬರುವಷ್ಟರಲ್ಲಿ ಪಾರ್ಕೇ ಮುಗಿದು, ಪ್ಲೂಟೊ ಹಿಂದಿನ ಗೇಟಿನಾಚೆಯ ಮೂಲೆಗೆ ಹೋಯಿತು. ಅದನ್ನು ನೋಡಲೆಂದು, ವರ್ಷಗಳಿಂದ ಮುಚ್ಚಿದ್ದ ಆ ಗೇಟನ್ನು ತೆರೆಯಬೇಕಾಯಿತು. ಜನ ಹೊರಗೆ ಹೋಗಿ ಪ್ಲೂಟೊ ನೋಡಿದರು. ಹಿಂದಿನ ಗಲ್ಲಿಯವರು ಒಳಗೆ ಬಂದು ಪಾರ್ಕು ನೋಡಿದರು. ತಕರಾರು ಶುರುವಾದದ್ದು ಅಲ್ಲಿ.

"ಆ ಗಲ್ಲಿಯೋರು ಬೆಂಚೆಲ್ಲಾ ಹಿಡ್ಕೊಂಡ್ಬಿಡ್ತಾರೆ ಗುರು," ಎಂದು ನನ್ನೆದುರೇ ಗೊಣಗಿದ್ದ ಸಂಘದ ಕಾರ್ಯದರ್ಶಿ ದೀಪಕ್ ಅವರಿಗೆ ಮರುವಾರವೇ ಖಗೋಳಶಾಸ್ತ್ರದ ಮೇಲೆ ಪ್ರೀತಿ ಉಕ್ಕಿತು. ತಮ್ಮ ಕಚೇರಿಗೆ ಬಂದು, "ಸಾರ್, ಮಕ್ಕಳಿಗೆ ತಪ್ಪು ಸೈನ್ಸ್ ಹೋಗ್ತಿದೆ," ಎಂದರು. ತಾವು ಕಂಬ ಕೀಳಿಸಿದಿರಿ. ಜೊತೆಗೆ ಗೇಟಿಗೂ ಬೀಗ.

ಹಿಂದಿನ ಗಲ್ಲಿಯಲ್ಲಿ ಇಸ್ತ್ರಿ ಗಾಡಿ ಇಟ್ಟಿರುವ ನಾಗಲಕ್ಷ್ಮಮ್ಮನವರಿಗೆ ಮಂಡಿ ಆಪರೇಷನ್ ಆಗಿದೆ. ದಿನಾ ಮಣ್ಣಿನ ಮೇಲೆ ನಡೆಯಬೇಕೆಂದು ಡಾಕ್ಟರ ಆಜ್ಞೆ. ಬೀಗ ಬಿದ್ದಂದು ಅವರು ಸರಪಳಿ ಹಿಡಿದು ಕಾವಲುಗಾರನನ್ನು ಕೇಳಿದರು:

"ಏನಪ್ಪಾ ಭೀಮೇಶ, ಇದ್ಯಾಕೆ?"

"ಪ್ಲೂಟೊ ತೆಗೆದ್ರಲ್ಲಕ್ಕ. ಇನ್ನ ಈ ಕಡೆ ನೋಡೋಕೆ ಏನಿದೆ ಅಂತಾರೆ."

"ನಾನೇನು ಅದನ್ನ ನೋಡೋಕೆ ಬರ್ತಿದ್ನಾ? ಅದು ಗ್ರಹ ಅಲ್ದಿದ್ರೆ ನನ್ ಮಂಡಿ ಮಂಡಿ ಅಲ್ವಾ?"

ಮುಂಗೇಟಿಗೆ ಹೋಗಬೇಕಾದರೆ ಅವರು ಸಿಗ್ನಲ್ ಇಲ್ಲದ ಕಡೆ ರಿಂಗ್ ರೋಡ್ ದಾಟಬೇಕು. ಈಗ ನಡೆಯುವುದನ್ನೇ ಬಿಟ್ಟಿದ್ದಾರೆ.

ವಿಜ್ಞಾನದ ಮಾತಿಗೇ ಬರೋಣ. 2006ರಲ್ಲಿ ಖಗೋಳಜ್ಞರು ಮೂರು ಷರತ್ತು ಇಟ್ಟರು. ಗ್ರಹವೆನಿಸಿಕೊಳ್ಳುವುದು ಸೂರ್ಯನನ್ನು ಸುತ್ತಬೇಕು, ತನ್ನ ಸೆಳೆತದಿಂದಲೇ ದುಂಡಗಾಗಿರಬೇಕು, ತನ್ನ ದಾರಿಯ ಸುತ್ತಮುತ್ತಲನ್ನು ತೆರವು ಮಾಡಿಕೊಂಡಿರಬೇಕು. ಮೊದಲೆರಡರಲ್ಲಿ ಪ್ಲೂಟೊ ಪಾಸು. ಮೂರನೆಯದರಲ್ಲಿ ಫೇಲು: ಅದರ ದಾರಿಯಲ್ಲಿ ಬೇರೆ ಹಿಮದುಂಡೆಗಳೂ ಓಡಾಡಿಕೊಂಡಿವೆ. ಅಂದರೆ ಅಕ್ಕಪಕ್ಕದವರನ್ನು ಎಬ್ಬಿಸಿ ಕಳಿಸಲಾರದ್ದು ಗ್ರಹವಲ್ಲ. ಈ ಲೆಕ್ಕದಲ್ಲಿ ನಮ್ಮ ಕಾರ್ಯದರ್ಶಿಗಳು ಬೇಗನೆ ಗ್ರಹವಾಗುವ ಲಕ್ಷಣವಿದೆ.

ಆದರೆ ಸ್ವಾಮಿ, ಖಗೋಳಜ್ಞರು ಪ್ಲೂಟೊವನ್ನು ಸೌರವ್ಯೂಹದಿಂದಲೇ ಆಚೆ ಹಾಕಿದರೇ? ಇಲ್ಲ. ಸೆರೆಸ್, ಏರಿಸ್‌ಗಳ ಸಾಲಿನಲ್ಲಿ ಕುಬ್ಜ ಗ್ರಹವೆಂದು ಕೂರಿಸಿದರು. ನಮ್ಮ ಚಂದ್ರನಿಗಿಂತ ಚಿಕ್ಕದಾದರೂ ಐದು ಉಪಗ್ರಹಗಳನ್ನು ಕಟ್ಟಿಕೊಂಡು, ಸುಮಾರು 248 ವರ್ಷಕ್ಕೆ ಒಂದು ಸುತ್ತು ಮುಗಿಸುತ್ತಾ ಅದು ತನ್ನ ಪಾಡಿಗಿದೆ. ನನ್ನ ಮನೆಯೂ ಪಾಲಿಕೆಯ ಪುಸ್ತಕದಲ್ಲಿ ಬಿ ಖಾತಾದ್ದು, ಎರಡನೇ ಸಾಲಿನದು. ದರ್ಜೆ ಕಮ್ಮಿಯೆಂದು ಯಾರೂ ಬಂದು ಬಾಗಿಲಿಗೆ ಬೀಗ ಜಡಿದಿಲ್ಲವಲ್ಲ?

ಆದ್ದರಿಂದ ಗೇಟು ತೆರೆಸಿ. ಕಲ್ಲುಗುಂಡು ನನ್ನ ಅಂಗಡಿಯಲ್ಲಿದೆ, 'ಕುಬ್ಜ ಗ್ರಹ' ಎಂದು ಕೆತ್ತಿಸಿಯೇ ಕೊಡುತ್ತೇನೆ. ಅದೂ ಬೇಡವೆಂದರೆ ಗುಂಡು ಬಿಡಿ, ಗೇಟು ಮಾತ್ರ ತೆರೆಸಿ.

ಸದ್ಯಕ್ಕೆ ಯಾರಿಗೇನು ದಕ್ಕಿತು? ತಮಗೆ, ಕಡತದಲ್ಲಿ ಒಂದು ಸರಿಯಾದ ವಾಕ್ಯ. ಕಾರ್ಯದರ್ಶಿಗಳಿಗೆ, ಖಾಲಿ ಬೆಂಚು. ಭೀಮೇಶನಿಗೆ, ಕಾಯಲು ಒಂದು ಗೇಟು ಕಮ್ಮಿ. ಪ್ಲೂಟೊಗೆ ಬಂದದ್ದೂ ಇಲ್ಲ, ಹೋದದ್ದೂ ಇಲ್ಲ. ನಾಗಲಕ್ಷ್ಮಮ್ಮನವರ ಮಂಡಿ ಮತ್ತೆ ಬಿಗಿದುಕೊಂಡಿದೆ.

ಇಂತಿ,
ಒಂಬತ್ತು ಕೊಟ್ಟು ಒಂದನ್ನು ವಾಪಸು ಪಡೆದ
ಚಿಕ್ಕಬೈರಪ್ಪ