ಸೆರಗಿನ ಕೆಳಗೆ ಮೂರು ಬೆರಳು

ಗದ್ವಾಲ
14 ಫೆಬ್ರವರಿ 2025, ಶುಕ್ರವಾರ

ಪ್ರೀತಿಯ ರಜಿನಿ ಅಕ್ಕಾ,

ನಿನ್ನ ಏಕಮಾತ್ರ ತಮ್ಮನ ಸಾಷ್ಟಾಂಗ ನಮಸ್ಕಾರ. ಕೈನೋವು ಇಳಿಯಿತೇ? ಹೈದರಾಬಾದಿನ ಹಾಸ್ಟೆಲ್ ಸಾರಿನಲ್ಲಿ ಈಗಲಾದರೂ ಬೇಳೆ ಕಾಣುತ್ತಿದೆಯೇ? ಅವ್ವ ಆರಾಮವಾಗಿದ್ದಾಳೆ, ನಿನ್ನನ್ನು ನೆನೆದು ದಿನಾ ನನ್ನನ್ನು ಬೈಯುತ್ತಾಳೆ. ಫೋನಿನಲ್ಲಿ ಹೇಳಿದರೆ ನೀನು ನಡುವೆ ನಕ್ಕು ಕೆಡಿಸುತ್ತೀ. ಇಂಥ ಘನಕಾರ್ಯ ಕಾಗದದ ಮೇಲೆಯೇ ದಾಖಲಾಗಬೇಕು: ನನ್ನ ಪಗಾರ ಏರಿತು. ಸೇಡು ಅರ್ಧ ತೀರಿತು.

ಎರಡು ವರ್ಷದ ಹಿಂದೆ ಇದೇ ಸೀರೆ ಅಂಗಡಿಯಲ್ಲಿ ನೀನು ಪಗಾರ ಹೆಚ್ಚಿಸಿ ಎಂದಾಗ ಮಾಲೀಕ ವೆಂಕಟಯ್ಯ ಶೇಟು ಗಿರಾಕಿಗಳ ಎದುರಿಗೇ, "ಲಗ್ನಾಗಿ ಹೋಗಾಕಿಗೆ ಪಗಾರ ಯಾಕವ್ವ, ಗಂಡ ದುಡದು ಹಾಕ್ತಾನ" ಎಂದು ಹಲ್ಲು ಕಿರಿದದ್ದನ್ನೂ, ನೀನು ಮರುದಿನವೇ ಊರು ಬಿಟ್ಟದ್ದನ್ನೂ ನಾನು ಮರೆತಿಲ್ಲ. ನಿನ್ನ ಜಾಗಕ್ಕೆ ಸೇರಿದ ನನಗೂ ಆತ ದಸರೆಗೆ ನೋಡೋಣ, ಸಂಕ್ರಾಂತಿಗೆ ನೋಡೋಣ ಎಂದು ಪಂಚಾಂಗ ಓದುತ್ತಲೇ ಬಂದ. ಬಾಯಿಮಾತು ಆತನ ಬಾಯಲ್ಲೇ ಕರಗುತ್ತದೆ. ಆದರೆ ನೇಕಾರರು ಸೀರೆ ತಂದಾಗ, ಪಕ್ಕದವನಿಗೆ ರೇಟು ತಿಳಿಯದಂತೆ ಸೆರಗಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುತ್ತಾನಲ್ಲ, ಆ ಬೆರಳಿನ ಮಾತು ಮಾತ್ರ ತಪ್ಪುವುದಿಲ್ಲ. ತಪ್ಪಿದರೆ ಒಬ್ಬ ನೇಕಾರನೂ ಆತನ ಮೆಟ್ಟಿಲು ಹತ್ತುವುದಿಲ್ಲ. ಹಿಡಿದರೆ ಅಲ್ಲಿಯೇ ಹಿಡಿಯಬೇಕೆಂದು ಈ ದಾಸ ಸಂಕಲ್ಪ ಮಾಡಿದ.

ನಿನ್ನೆ ಮಲ್ದಕಲ್‌ನ ಬುಗ್ಗಮ್ಮ ಎಂಬ ಮುದುಕಿ ಮೊಮ್ಮಗಳ ಮದುವೆಗೆ ಹನ್ನೊಂದು ಸೀರೆ ಆರಿಸಿ, ಚೀಲದ ದಾರ ಬಿಚ್ಚುವ ಮೊದಲು ನನ್ನತ್ತ ತಿರುಗಿ, "ನೀ ನೇಕಾರ್ರ ಮಗ ಅದಿ. ಖರೇ ಹೇಳಪ್ಪಾ, ಇವು ಕೈಮಗ್ಗದ್ವ ಏನು?" ಎಂದಳು. ಅಪ್ಪಟ ಕೈಮಗ್ಗದವೇ. ಆದರೆ ಸತ್ಯಕ್ಕೂ ಒಂದು ಮುಹೂರ್ತ ಬೇಕಲ್ಲ! ಸೀರೆ ತಿರುವಿ, ಹತ್ತಿಯ ಒಡಲಿಗೆ ರೇಷ್ಮೆಯ ಅಂಚು ಕೂಡಿದ ಜಾಗಕ್ಕೆ ಕಣ್ಣಿಟ್ಟು, ನಾಡಿ ನೋಡುವ ವೈದ್ಯನ ಮುಖ ಮಾಡಿ, ಸೆರಗಿನ ಕೆಳಗೆ ಶೇಟುವಿನ ಕೈಯಲ್ಲಿ ಮೂರು ಬೆರಳಿಟ್ಟೆ. ಬೆರಳಿಗೊಂದು ಸಾವಿರ ಹೆಚ್ಚು, ತಿಂಗಳಿಗೆ. ಆತ ಬೆಚ್ಚಿದರೂ ನಗುತ್ತಲೇ ಒಂದನ್ನು ಒತ್ತಿದ; ಒತ್ತಿದಷ್ಟಕ್ಕೇ ಒಪ್ಪಿಗೆ. ನಾನು ಸೀರೆ ನೋಡಿ ತಲೆ ಅಲ್ಲಾಡಿಸಿದೆ. "ಯಾಕಪ್ಪಾ, ಏನರ ಐಬು ಐತೇನು?" ಎಂದು ಬುಗ್ಗಮ್ಮ ಚೀಲ ಎತ್ತಿಕೊಂಡಳು. ಎರಡು ಒತ್ತಿದ. ನಾನು ದೀರ್ಘವಾಗಿ ನಿಟ್ಟುಸಿರು ಬಿಟ್ಟೆ. ಆಕೆ ಎದ್ದೇ ನಿಂತಳು. "ಲೇ, ಬಾಯಿ ಬಿಡಲೇ!" ಎಂದು ಶೇಟು ಬೆವರೊರೆಸುತ್ತ ಮೂರನ್ನೂ ಹಿಸುಕಿದ.

"ಹದಿನಾರಾಣೆ ಕೈಮಗ್ಗದ್ದವ್ವಾ! ನಿಮ್ಮ ಮರಿಮಗಳೂ ಉಡತಾಳ" ಎಂದು ಸಾರಿದೆ. ಹನ್ನೊಂದೂ ಹೋದವು. ಶೇಟು ಸಂಜೆವರೆಗೂ ತನ್ನ ಬೆರಳುಗಳನ್ನೇ ಬೈಯುತ್ತ ಕೂತಿದ್ದ.

ಅವ್ವನ ಆಶೀರ್ವಾದ ಇದರೊಂದಿಗಿದೆ. ಹಾಸ್ಟೆಲಿನ ಗೆಳತಿಯರಿಗೆಲ್ಲ ಒಂದೊಂದು ನಮಸ್ಕಾರ, ಚೆಲುವೆಯರಿಗೆ ಎರಡೆರಡು.

ನಿನ್ನ ವಿನೀತ, ದಿಗ್ವಿಜಯಿ ತಮ್ಮ,
ಸಾಯಿಪ್ರಸಾದ್

ತಾ.ಕ.: ಅಂಚೆ ಹೋಗುವ ಹೊತ್ತಾಯಿತು, ಬೇಗ ಓದು. ಆತ ಮೂರು ಹಿಸುಕುವಾಗ ನಾನು ನಾಲ್ಕನೆಯದನ್ನೂ ಸೇರಿಸಿದ್ದೆ; ಗಾಬರಿಯಲ್ಲಿ ಅದನ್ನೂ ಹಿಡಿದ. "ಅದು ಯಾತರದೋ?" ಎಂದು ಆಮೇಲೆ ಕೇಳಿದ. "ನಮ್ಮಕ್ಕಂದ್ರಿ" ಎಂದೆ. ಆ ಬೆರಳಿನ ಕರಾರು ಇಷ್ಟೇ: ಬರುವ ಗುರುವಾರ ಬೆಳಿಗ್ಗೆ ಹತ್ತಕ್ಕೆ, ನೇಕಾರರೆಲ್ಲ ಕೂತಿರುವಾಗ, ಆತ ಸ್ಪೀಕರ್ ಹಾಕಿ ನಿನಗೆ ಫೋನ್ ಮಾಡಿ "ತಪ್ಪಾತವ್ವ, ನೀ ಕೇಳಿದಷ್ಟು ಕೊಡ್ತೀನಿ, ವಾಪಸ್ ಬಾ" ಎನ್ನಬೇಕು. ಬರುವುದು ಬಿಡುವುದು ನಿನ್ನಿಷ್ಟ. ಆದರೆ ಮೊದಲ ಸಲ ಎತ್ತಬೇಡ. ಎರಡನೇ ಸಲವೂ ಬೇಡ. ಮೂರನೇ ಸಲ ಎತ್ತಿ, ನಿಧಾನಕ್ಕೆ, "ಯಾವ ವೆಂಕಟಯ್ಯರೀ?" ಅಂತ ಕೇಳು.