ಗುಂಡುಸೂಜಿಯ ಗುರುತು

ಮಾರ್ಚ್ 3, ಬೆಳಿಗ್ಗೆ 6
ನನ್ನ ಪಿಎಚ್.ಡಿ. ಪ್ರಬಂಧದ ನಾಲ್ಕನೇ ಅಧ್ಯಾಯ, ಹನ್ನೊಂದನೇ ಪುಟ. ಜನರ ಮೇಲೆ ದೇವರಿಗಿರುವ ಕೋಪವನ್ನು ಬೈಬಲಿನ ಹೀಬ್ರೂ ಪ್ರವಾದಿ ಗಂಡನ ಕೋಪವಾಗಿ ಹೇಳುತ್ತಾನೆ. ಹೆಂಡತಿಯ ದಾರಿಗೆ ಮುಳ್ಳುಬೇಲಿ, ಮೈಮೇಲಿನ ಬಟ್ಟೆ ಕಿತ್ತುಕೊಳ್ಳುವ ಬೆದರಿಕೆ. ಕವಿತೆಯಾಗಿ ಎಷ್ಟು ಚೆಂದ... ಅದೇ ಭಯ. ಹೆಂಡತಿಗೆ ಒಂದು ಮಾತೂ ಇಲ್ಲ. ಬರೆದೆ: ‘ಅವಳು ಸುಮ್ಮನಿದ್ದಳು.’

ಮಾರ್ಚ್ 4
ಗೈಡ್ ನಕ್ಕರು. “ಮುಳ್ಳುಬೇಲಿ ಹಿಡ್ಕೊಂಡು ಕೂತಿದ್ದೀರಂತೆ? ಅದು ಬರೀ ರೂಪಕ, ಮೇಡಂ. ಅವಳು ಬಾಯೇ ಬಿಡಲ್ಲ, ನಿಮ್ಮ ಥೀಸಿಸ್‌ಗೆ ಬೇಕಾದ ಹೆಣ್ಣಿನ ಪ್ರತಿರೋಧ ಎಲ್ಲಿಂದ ತರ್ತೀರಿ? ಶುಕ್ರವಾರದೊಳಗೆ ತೋರಿಸಿ. ಇಲ್ಲಾಂದ್ರೆ ಆ ಅಧ್ಯಾಯ ಬಿಡಿ.”
ಇವರಿಗೆ ಹೇಳಿದ್ದು ಯಾರು? ಪುಟಗಳು ಊಟದ ಮೇಜು ಬಿಟ್ಟು ಕದಲಿಲ್ಲ. ನಮ್ಮವರದೂ ಗೈಡ್‌ದೂ ಒಂದೇ ಸ್ಟಾಫ್ ರೂಮು.

ಮಾರ್ಚ್ 5
ಪುಟಗಳಲ್ಲಿ ತೂತು. ಅಂಚಿನಲ್ಲಿ, ಎರಡೆರಡು. ಬೆಳಕಿಗೆ ಹಿಡಿದರೆ ಮಾತ್ರ ಕಾಣುತ್ತವೆ. ಯಾರೋ ಏನೋ ಸಿಕ್ಕಿಸಿ ತೆಗೆದಿದ್ದಾರೆ.
“ನನ್ನ ಪುಟ ಮುಟ್ಟಿದ್ರಾ?”
“ನಂಗೇನು ಹುಚ್ಚಾ, ಅದನ್ನ ಓದೋಕೆ?” ನಮ್ಮವರು ಪೇಪರಿನಿಂದ ತಲೆಯೆತ್ತಲಿಲ್ಲ.
ಮುಟ್ಟಿಲ್ಲ ಅಂತ ಹೇಳಲಿಲ್ಲ. ಗಮನಿಸಿದೆ.

ಮಾರ್ಚ್ 8, ಮಧ್ಯಾಹ್ನ
ಎರಡು ದಿನ ಕಾವಲು. ಪುಟಗಳ ನಡುವೆ ತಲೆಗೂದಲು ಇಟ್ಟು ನೋಡಿದೆ — ನಲವತ್ತೆಂಟರ ವಯಸ್ಸಿನಲ್ಲಿ ಪತ್ತೇದಾರಿಕೆ.
ಇವತ್ತು ಲೈಬ್ರರಿಯಿಂದ ಬೇಗ ಬಂದೆ. ಮೇಜಿನ ಮುಂದೆ ನಮ್ಮತ್ತೆ ಕೂತಿದ್ದರು. ತುಟಿಗಳ ನಡುವೆ ಗುಂಡುಸೂಜಿ. ನಲವತ್ತು ವರ್ಷ ಟೈಲರ್ ಆಗಿದ್ದವರು. ಬಿಚ್ಚಿ ಹೊಲಿಯಬೇಕಾದ ಕಡೆ ಸೂಜಿ ಸಿಕ್ಕಿಸುವುದು ಕೈಗಂಟಿದ ಅಭ್ಯಾಸ.
“ಸಿಕ್ಬಿದ್ದೆ,” ಅಂದರು.
“ಏನತ್ತೆ ಇದು?”
“ನೀನೇ ನೋಡು, ಎಲ್ಲೆಲ್ಲಿ ಚುಚ್ಚಿದೀನಿ ಅಂತ.”
‘ಅವಳು ಸುಮ್ಮನಿದ್ದಳು’ ಎಂದು ಬರೆದ ಕಡೆಯೆಲ್ಲ.
“ಸುಮ್ನಿದ್ಲು ಅಂತ ನಿಂಗ್ಯಾರು ಹೇಳಿದ್ದು? ಗಂಡನ ಕಡೆಯವನು ಬರ್ಕೊಂಡಿದ್ದು ತಾನೆ? ಮನೇಲಿ ಎಲ್ರ ಮೇಲೂ ಅನುಮಾನ ನಿಂಗೆ. ಆ ಬರೆದವನೊಬ್ಬನ್ನ ಬಿಟ್ಟು.”
ಆಮೇಲೆ ನೆನಪಾಯಿತು. ಅಧ್ಯಾಯದ ಸಾರಾಂಶ ಗೈಡ್‌ಗೆ ಕೊಟ್ಟವಳು ನಾನೇ, ಜನವರಿಯಲ್ಲಿ. ನಮ್ಮವರ ಮುಖ ಹೇಗೆ ನೋಡಲಿ...

ಸಂಜೆ 5
ಆ ಸಾಲನ್ನು ಎಲ್ಲ ಕಡೆ ಹೊಡೆದುಹಾಕಿದೆ. ಹೊಸ ಸಾಲು: ‘ಅವಳು ಆಡಿದ್ದನ್ನು ಅವನು ಬರೆದಿಡಲಿಲ್ಲ.’ ನಾಳೆ ಶುಕ್ರವಾರ. ಅಧ್ಯಾಯ ಬಿಡುವುದಿಲ್ಲ.
ಅತ್ತೆ ಪಕ್ಕದಲ್ಲೇ ಕೂತಿದ್ದಾರೆ. ಮಾವ ಹೋಗಿ ಹತ್ತು ವರ್ಷ. ಈ ಮಾತು ಇವತ್ತೇ ಮೊದಲು ಕೇಳುತ್ತಿದ್ದೇನೆ.
“ನಿಮ್ಮಾವ ನನ್ನ ಮೂರು ದಿನ ಕೋಣೇಲಿ ಕೂಡಿಹಾಕಿದ್ರು. ಅವರನ್ನ ಕೇಳಿದ್ರೆ, ನಾನೂ ಸುಮ್ನಿದ್ದೆ ಅಂತಾನೇ ಅಂತಿದ್ರು. ಬರ್ಕೋ. ಮೊದಲನೇ ದಿನ, ಬಾಗಿಲ ಒಳಗಿಂದ, ನಾನಂದೆ —”