ಬಿಡಿ ಬಾಣಗಳ ಬಕೆಟ್

ಜುಲೈ 17, ಗುರುವಾರ

ಏಳು ಡೈರಿಗಳ ಹಾಲು ತುಂಬಿಸಿ ಚೀಸ್ ಫ್ಯಾಕ್ಟರಿಯಲ್ಲಿ ಇಳಿಸುವಷ್ಟರಲ್ಲಿ ಮಧ್ಯಾಹ್ನ ಎರಡು. ಟ್ಯಾಂಕರ್ ತೊಳೆದೆ. ಸ್ನಾನ. ಇಸ್ತ್ರಿ ಮಾಡಿದ ಶರ್ಟ್. ಒಂದೇ ಒಂದು ಬಾಣ ಕೊಳ್ಳಲು ಇಷ್ಟೆಲ್ಲ ಯಾಕೆ ಎಂದು ಕೇಳುವವರು ಮನೆಯಲ್ಲಿ ಯಾರೂ ಇಲ್ಲ, ಅದೊಂದು ಅನುಕೂಲ.

ಡೋರೀನ್ ಇದ್ದಳು. ಹಾರ್ಡ್‌ವೇರ್ ಅಂಗಡಿಯ ಹಿಂಭಾಗ, ಪೇಂಟ್ ಡಬ್ಬಗಳ ಆಚೆ, ಬಿಲ್ಲು ಬಾಣದ ಕೌಂಟರ್ ಅವಳದ್ದು. ಇಪ್ಪತ್ತೆರಡು ವರ್ಷಗಳಿಂದ ಈ ಊರಿನವರ ಬಾಣಗಳನ್ನೆಲ್ಲ ಕತ್ತರಿಸಿ ಕೊಟ್ಟವಳು. ಕೌಂಟರಿನ ಕೆಳಗಿನಿಂದ ಬಕೆಟ್ ತೆಗೆದಿಟ್ಟಳು. ಡಜನ್ ಒಡೆದಾಗ ಮಿಕ್ಕ ಬಿಡಿ ಬಾಣಗಳಂತೆ, ಅರ್ಧ ಬೆಲೆಗೆ. ಆರಿಸಿದೆ, ನಿಧಾನವಾಗಿ. ಅವಳು ಇಪ್ಪತ್ತೆಂಟೂವರೆ ಇಂಚಿಗೆ ಕತ್ತರಿಸಿ, ಮೊನೆ ಕೂರುವ ಲೋಹದ ತುಂಡನ್ನು ತುದಿಗೆ ಅಂಟಿಸಿದಳು. ಅಂಟು ಒಣಗಲು ಹತ್ತು ನಿಮಿಷ.

ಆ ಹತ್ತು ನಿಮಿಷಕ್ಕಾಗಿಯೇ ಹೋಗುವುದು. ಇಲ್ಲಿ ಬರೆದಾಯಿತು, ಇನ್ನೆಲ್ಲೂ ಬಾಯಿ ಬಿಡುವುದಿಲ್ಲ.

ಜುಲೈ 20

ಕೊಟ್ಟಿಗೆ ಹಿಂದೆ ಹುಲ್ಲಿನ ಪಿಂಡಿಗೆ ಗುರಿ. ಒಂದೇ ಬಿಲ್ಲು, ಒಂದೇ ಕೈ, ಆರು ಬಾಣ... ಆರಕ್ಕೆ ಆರು ಬುದ್ಧಿ. ಮೂರು ಒಟ್ಟಿಗೆ ಕೂತವು. ಒಂದು ಗೇಣು ಬಲಕ್ಕೆ, ಒಂದು ಕೆಳಕ್ಕೆ. ಕೊನೆಯದು ನೆಟಲ್ ಗಿಡಗಳೊಳಗೆ. ಹುಡುಕಲು ಹೋಗಿ ಮೈಯೆಲ್ಲ ತುರಿಕೆ.

ಕಾರಣ ಗೊತ್ತಿಲ್ಲದೇ ಏನಿಲ್ಲ. ಬೇರೆ ಬೇರೆ ತೂಕದ, ಬಾಗುವುದರಲ್ಲಿ ಬೇರೆ ಬೇರೆ ಬಿಗಿಯ ಬಾಣಗಳನ್ನು ಬೆರೆಸಿ ಹೊಡೆದರೆ ಇನ್ನೇನಾಗುತ್ತದೆ. ಹತ್ತು ವರ್ಷದ ಮಗುವಿಗೂ ಗೊತ್ತು. ಡಜನ್ ಕೊಳ್ಳಬೇಕು. ಆದರೆ ಡಜನ್ ಕೊಂಡರೆ ಹತ್ತು ನಿಮಿಷ ಒಂದೇ ಸಲ ಸಿಗುತ್ತದೆ.

ಮೇ ತಿಂಗಳಲ್ಲಿ ಶುರುವಾದದ್ದು ಇದು. ಹೊಸ ಬಿಲ್ಲಿಗೆ ಅಳತೆ ಬೇಕೆಂದು ಡೋರೀನ್ ನನ್ನನ್ನು ಗೋಡೆಗೆ ಒರಗಿಸಿ, ಎರಡೂ ತೋಳು ಚಾಚಿ ನಿಲ್ಲಿಸಿದ್ದಳು. ಟೇಪಿನ ಒಂದು ತುದಿ ನನ್ನ ಎಡಗೈ ಬೆರಳಿಗೆ ಒತ್ತಿ, ಎದೆಯ ಮುಂದಿನಿಂದ ಹಾದು ಬಲಗೈವರೆಗೆ. ಮರದ ಪುಡಿಯ ವಾಸನೆ, ಕಾಫಿಯ ವಾಸನೆ. ಹೆಂಡತಿ ಕ್ಯಾರಲ್ ಬಿಟ್ಟು ಹೋಗಿ ಹನ್ನೊಂದು ವರ್ಷ. ಅಷ್ಟು ಹತ್ತಿರ ಅಲ್ಲಿಂದೀಚೆಗೆ ಯಾರೂ ಬಂದಿರಲಿಲ್ಲ, ದಂತ ವೈದ್ಯರನ್ನು ಬಿಟ್ಟರೆ.

ಆಗಸ್ಟ್ 7, ಗುರುವಾರ

ಮಾತು ಹೇಗೋ ಕಳೆದ ವರ್ಷದ ಹೆಣ್ಣು ಜಿಂಕೆಯತ್ತ ತಿರುಗಿತು. ಯಾರಿಗೂ ಹೇಳಿರಲಿಲ್ಲ, ಡೋರೀನ್‌ಗೆ ಹೇಳಿಬಿಟ್ಟೆ. ಇಪ್ಪತ್ತು ಗಜ. ನಿಂತ ಜಿಂಕೆ. ಬಾಣ ಹಿಂದಕ್ಕೆ ಜಾರಿ ಹೊಟ್ಟೆಗೆ ಬಿತ್ತು. ಎರಡು ದಿನ ರಕ್ತದ ಗುರುತು ಹಿಡಿದು ಟ್ಯಾಮರ‍್ಯಾಕ್ ಮರಗಳ ಜೌಗಿನಲ್ಲಿ ಅಲೆದೆ. ಹಾಲಿನ ಪಾಳಿ ತಪ್ಪಿಸಿ ಬೈಸಿಕೊಂಡೆ. ಸಿಗಲಿಲ್ಲ. ಎಲ್ಲೋ ನರಳಿ ಸತ್ತಿರುತ್ತದೆ. ಈಗಲೂ ಊಟಕ್ಕೆ ಕೂತಾಗ ನೆನಪಾಗುತ್ತದೆ.

ಅವಳು ಗರಗಸ ನಿಲ್ಲಿಸಿ ಕೇಳುತ್ತಿದ್ದಳು. ಸಮಾಧಾನದ ಮಾತು ಆಡಲಿಲ್ಲ. ಗಂಡ ತೀರಿಕೊಂಡ ವರ್ಷ ಅವನ ಬಿಲ್ಲನ್ನು ಯಾರಿಗೂ ಮಾರದೆ ಇಟ್ಟುಕೊಂಡದ್ದನ್ನು ಹೇಳಿದಳು. ಆರು ವರ್ಷವಾಯಿತಂತೆ. ಅಂಟು ಯಾವಾಗಲೋ ಒಣಗಿತ್ತು. ಇಬ್ಬರೂ ನೋಡಲಿಲ್ಲ.

ಮನೆಗೆ ಬರುವಾಗ ರೇಡಿಯೋ ಹಾಕಲಿಲ್ಲ.

ಆಗಸ್ಟ್ 14, ಗುರುವಾರ

ಡೋರೀನ್ ರಜೆ. ಕೌಂಟರಿನಲ್ಲಿ ಮಾಲೀಕ. ಏನೂ ಕೊಳ್ಳದೆ ಬಂದೆ... ಇಲ್ಲ, ಅಷ್ಟು ದೂರ ಹೋದ ಮಾನ ಉಳಿಸಲು ಒಂದು ಇಲಿ ಬೋನು ಕೊಂಡೆ. ನನ್ನ ಮನೆಯಲ್ಲಿ ಇಲಿಯೂ ಇಲ್ಲ.

ಸೆಪ್ಟೆಂಬರ್ 4, ಗುರುವಾರ, ಸಂಜೆ

ಕ್ರಮವಾಗಿ ಬರೆಯಬೇಕು.

ಇವತ್ತು ಬಕೆಟ್ ಇಲ್ಲ, ಗಾಡಿಯಲ್ಲಿರುವ ಬಾಣಗಳನ್ನೆಲ್ಲ ತಾ ಎಂದಳು ಡೋರೀನ್. ಅಂಗಡಿ ಹಿಂದಿನ ಬಯಲಿಗೆ ಕರೆದುಕೊಂಡು ಹೋದಳು. ಇಪ್ಪತ್ತೈದು ಗಜದಲ್ಲಿ ಪಿಂಡಿಗೆ ಒಂದು ಕಾಗದದ ತಟ್ಟೆ ಚುಚ್ಚಿ, ಹೊಡೆ ಎಂದಳು. ಆರು ಹೊಡೆದೆ. ನಾಲ್ಕು ತಟ್ಟೆಗೆ. ಒಂದು ಅಂಚಿಗೆ. ಒಂದು ಹಿಂದಿನ ಪ್ಲೈವುಡ್‌ಗೆ.

ಒಳಗೆ ಬಂದು ಹನ್ನೊಂದು ಬಾಣಗಳನ್ನೂ ಪುಟ್ಟ ತಕ್ಕಡಿಯಲ್ಲಿ ತೂಗಿದಳು. ಮೂರು ಕಂಪನಿಯವು. ನಾಲ್ಕು ನನ್ನ ಬಿಲ್ಲಿಗೆ ಸಲ್ಲುವುದೇ ಅಲ್ಲ, ವಿಪರೀತ ಬಿಗಿ. ಹಾಗಾದರೆ ಕೊಟ್ಟದ್ದೇಕೆ ಎಂದು ಕೇಳಿದೆ. ತಕ್ಕಡಿಯನ್ನೇ ನೋಡುತ್ತಾ ಹೇಳಿದಳು:

"ಕೊಟ್ಟಿದ್ದು ನಾನೇ. ತಪ್ಪು ನಂದು. ಬೇಸಿಗೇಲಿ ಹುಲ್ಲಿಗೆ ತಾನೇ ಹೊಡೀತಾರೆ, ಏನಾಯ್ತು ಅಂದ್ಕೊಂಡೆ. ಈಗ ಬೇಟೆ ಸೀಸನ್ ಬಂತು. ಆ ಜಿಂಕೆ ವಿಷ್ಯ ಕೇಳಿದ್ಮೇಲೂ ನಿನ್ನ ಇವನ್ನ ಹಿಡ್ಕೊಂಡು ಕಾಡಿಗೆ ಹೋಗೋಕೆ ಬಿಟ್ರೆ, ನಾನು ಮನುಷ್ಯಳಾ ಆರ್ಲನ್?"

ಗಾಜಿನ ಕಪಾಟಿನಲ್ಲಿದ್ದ ದುಬಾರಿ ಡಜನ್ ತೋರಿಸಿ, ಅದನ್ನೇ ಕೊಡು ಎಂದೆ. ತಲೆಯಾಡಿಸಿದಳು.

"ಬ್ಯಾಡ. ಅಷ್ಟು ನೇರ ಇರೋದು ಎಂಬತ್ತು ಗಜ ಹೊಡೆಯೋರಿಗೆ. ನೀನು ಇಪ್ಪತ್ತೈದರ ಆಸಾಮಿ. ಸಾಧಾರಣದ್ದೇ ಸಾಕು, ಹನ್ನೆರಡೂ ಒಂದೇ ತೂಕ ಇರ್ಬೇಕು, ನಿನ್ನ ಬಿಲ್ಲಿಗೆ ತಕ್ಕ ಹಾಗೆ ಬಾಗ್ಬೇಕು. ಕಾಸು ಜಾಸ್ತಿ ಕೊಟ್ರೆ ಗುರಿ ಜಾಸ್ತಿ ಬರಲ್ಲ."

ಕೆಳಗಿನ ಖಾನೆಯಿಂದ ಸಾಧಾರಣ ಬಾಣಗಳ ಮೂರು ಪೆಟ್ಟಿಗೆ ತೆಗೆದಳು. ಮೂವತ್ತಾರನ್ನೂ ತೂಗಿ, ಒಂದಕ್ಕೊಂದು ಹೊಂದುವ ಹನ್ನೆರಡನ್ನು ಆರಿಸಿದಳು. ಕತ್ತರಿಸಿದಳು, ಅಂಟಿಸಿದಳು. ಮುಕ್ಕಾಲು ಗಂಟೆ ಎದುರುಬದುರು ನಿಂತೆವು. ಹವಾಮಾನದ ವಿಷಯ ಕೂಡ ಬರಲಿಲ್ಲ. ಕೊನೆಗೆ ಬಾಣಗಳನ್ನು ಕಾಗದದಲ್ಲಿ ಸುತ್ತಿ ಕೈಗಿಟ್ಟು, ಇನ್ನು ಮುಂದಿನ ಬೇಸಿಗೆವರೆಗೂ ಏನೂ ಬೇಕಾಗಲ್ಲ ಎಂದಳು.

ಸೆಪ್ಟೆಂಬರ್ 6

ಹನ್ನೆರಡಕ್ಕೆ ಹನ್ನೆರಡೂ ತಟ್ಟೆಯೊಳಗೆ. ಮೂವತ್ತು ಗಜಕ್ಕೆ ಸರಿದೆ. ಆಗಲೂ ಹನ್ನೆರಡು. ಐವತ್ನಾಲ್ಕು ವರ್ಷದಲ್ಲಿ ಇಷ್ಟು ಚೆನ್ನಾಗಿ ಹೊಡೆದದ್ದಿಲ್ಲ. ಮಗುಚಿಟ್ಟ ಹಾಲಿನ ಬಕೆಟ್ಟಿನ ಮೇಲೆ ಕೂತು ತಟ್ಟೆ ನೋಡಿದೆ. ಅಳು ಬಂತು. ಬರೆಯಲು ನಾಚಿಕೆ, ಆದರೂ ಬಂತು.

ಸೆಪ್ಟೆಂಬರ್ 8

ಬೆಳಗ್ಗೆ ಒಂದು ಬಾಣವನ್ನು ಟ್ಯಾಂಕರಿನ ಹಿಂದಿನ ಚಕ್ರದ ಕೆಳಗಿಟ್ಟೆ. ಮುರಿದರೆ ಒಂದು ಕೊಳ್ಳಲು ಹೋಗಬಹುದಲ್ಲ. ಎಂಜಿನ್ ಚಾಲೂ ಮಾಡಿ ಎರಡು ನಿಮಿಷ ಕೂತೆ. ಇಳಿದು ಎತ್ತಿಕೊಂಡೆ. ಅವಳು ತೂಗಿ ಆರಿಸಿದ್ದು... ಕೈ ಬರಲಿಲ್ಲ.

ಸೆಪ್ಟೆಂಬರ್ 9, ಮಂಗಳವಾರ

ನಾರ್ಬ್‌ನ ಡೈರಿಯಲ್ಲಿ ಹಾಲು ಏರಿಸುವಾಗ ಅವನು ಸೀಸನ್ ಮಾತು ತೆಗೆದ. ಮೂವತ್ತು ವರ್ಷದ ಸ್ನೇಹಿತ, ಬಾಯಿಗೆ ಬೀಗವಿಲ್ಲ. ಹೋದ ವಾರ ಎರಡು ಬಾಣ ಮುರಿದುಕೊಂಡನಂತೆ, ಮತ್ತೆ ಡಜನ್ ಕೊಳ್ಳಬೇಕಾಯಿತಂತೆ. ಎರಡಕ್ಕೆ ಡಜನ್ ಯಾಕೆ, ಡೋರೀನ್ ಹತ್ತಿರ ಬಿಡಿ ಬಾಣಗಳ ಬಕೆಟ್ ಇದೆಯಲ್ಲ ಎಂದೆ.

ಪೈಪ್ ಹಿಡಿದವನು ಹಾಗೇ ನಿಂತ.

"ಯಾವ ಬಕೆಟ್ಟೋ ಮಾರಾಯ? ಆ ಅಂಗಡೀಲಿ ಬಿಡಿ ಬಾಣ ಮಾರಲ್ಲ. ನಾನು ಕೇಳ್ದೆ, ನಮ್ಮಣ್ಣ ಕೇಳ್ದ. ಡಜನ್ ತಗೋ, ಇಲ್ಲಾ ಮನೆಗ್ ಹೋಗು ಅಂದ್ಳು."

ಅವನೇ ನನ್ನ ಮುಖ ನೋಡಿ ಮುಂದುವರಿಸಿದ.

"ನಿಂಗೆ ಕೊಟ್ಳಾ? ಎಷ್ಟ್ ಸಲ?"

ಹನ್ನೊಂದು ಎಂದೆ. ನಾರ್ಬ್ ನಗಲಿಲ್ಲ. ಅವನು ನಗದೇ ಇದ್ದದ್ದು ನನಗೆ ಭಯ ತಂದಿತು. ಹಾಲು ತುಂಬಿ ಮೇಲೆ ಚೆಲ್ಲುವವರೆಗೂ ಇಬ್ಬರೂ ಗಮನಿಸಲಿಲ್ಲ.

ಸೆಪ್ಟೆಂಬರ್ 10

ಯೋಚಿಸಿ ಯೋಚಿಸಿ ತಲೆ ಕೆಟ್ಟಿದೆ. ಹನ್ನೊಂದು ಬಾಣ. ಹನ್ನೊಂದು ಗುರುವಾರ. ಪ್ರತಿ ಸಲ ಯಾವುದೋ ಪೆಟ್ಟಿಗೆ ಒಡೆದು ಬಕೆಟ್ಟಿಗೆ ಹಾಕಿಟ್ಟಿದ್ದಾಳೆ. ಇಪ್ಪತ್ತೆರಡು ವರ್ಷ ಬಾಣ ಕತ್ತರಿಸಿದವಳಿಗೆ ಯಾವುದು ಬಿಗಿ, ಯಾವುದು ಸಡಿಲ ಎಂದು ಕಣ್ಣು ಮುಚ್ಚಿದರೂ ಗೊತ್ತು. ತಪ್ಪಿ ಕೊಟ್ಟವಳಲ್ಲ. ಎಲ್ಲ ಸರಿಯಾಗಿ ಕೂತರೆ ಈತ ಯಾಕೆ ಬರುತ್ತಾನೆ ಎಂದು ಅವಳೂ...

ಅಥವಾ ನಾನೇ ಹುಚ್ಚು ಕಲ್ಪನೆ ಕಟ್ಟಿಕೊಳ್ಳುತ್ತಿದ್ದೇನೆ. ಹಳೆಯ ಗಿರಾಕಿ, ಒಂಟಿ ಮನುಷ್ಯ, ಪಾಪ ಅಂದುಕೊಂಡಿರಬಹುದು. ಅದಾಗಿದ್ದರೆ ತಡೆದುಕೊಳ್ಳಲಾರೆ. ಬೇರೆ ಏನು ಬೇಕಾದರೂ ಆಗಲಿ, ಪಾಪ ಮಾತ್ರ ಬೇಡ.

ಅವಳ ದನಿ ಕೇಳಬೇಕು ಅನ್ನಿಸುತ್ತದೆ. ಇಷ್ಟೇ ವಿಷಯ. ಇಡೀ ದಿನ ಇದೇ.

ಸೆಪ್ಟೆಂಬರ್ 11, ಗುರುವಾರ, ಸಂಜೆ 5.20

ಅಂಗಡಿ ಮುಂದೆ ಪಿಕಪ್‌ನಲ್ಲಿ ಕೂತು ಬರೆಯುತ್ತಿದ್ದೇನೆ. ನಾಡಿದ್ದು ಸೀಸನ್. ಎಲ್ಲರೂ ಕೊನೇ ಗಳಿಗೆಯ ಖರೀದಿಗೆ ಬಂದು ಹೋದರು. ನನಗೆ ಕೊಳ್ಳಲು ಏನೂ ಇಲ್ಲ. ಬಿಲ್ಲು ಸರಿ, ಬಾಣ ಸರಿ, ಅಲಗು ಸರಿ. ನೆಪ ಅನ್ನುವುದು ಒಂದೂ ಉಳಿದಿಲ್ಲ. ಇಲಿ ಬೋನು ಕೂಡ ಇದೆ.

ಮುಚ್ಚುವ ಹೊತ್ತು. ಒಳಗಿನ ದೀಪಗಳು ಒಂದೊಂದಾಗಿ ಆರುತ್ತಿವೆ. ಡೋರೀನ್ ಬಾಗಿಲ ಫಲಕ ತಿರುಗಿಸಲು ಬಂದಳು. ನನ್ನ ಗಾಡಿ ಕಂಡಿತು. ತಿರುಗಿಸಲಿಲ್ಲ, ಅಲ್ಲೇ ನಿಂತಳು. ಒಳಗೆ ಹೋದರೆ ಏನು ಬೇಕಿತ್ತು ಎಂದು ಕೇಳುತ್ತಾಳೆ. ಅಂಗಡಿಯವಳು, ಕೇಳಲೇಬೇಕು. ಹೇಳುವುದನ್ನು ಇಲ್ಲಿ ಮೊದಲು ಬರೆದುಕೊಂಡು ಹೋಗುತ್ತೇನೆ, ಇಲ್ಲದಿದ್ದರೆ ಮತ್ತೆ ಯಾವುದಾದರೂ ಮೊಳೆ ಕೊಂಡು ಬಂದೇನು.

ಬಾಣ ಬೇಡ ಡೋರೀನ್. ನನಗೆ ಅಂಟು ಒಣಗುವ ಆ ಹತ್ತು ನಿಮಿಷ ಬೇಕು.